ಕತ್ತರಿಯ ಬಾಯಿಗೆ

ಜನವರಿ ಮೂವತ್ತೊಂದು, ರಾತ್ರಿ ಹತ್ತೂವರೆ.
ಗ್ರಿಮ್ಸ್‌ಬಿಯ ಫ್ರೀಮನ್ ರಸ್ತೆಯ ಅಂಗಡಿಯಲ್ಲಿ
ಹೊಲಿಗೆ ಮಷಿನ್ನು ಮಲಗಿದೆ, ಲ್ಯಾಪ್‌ಟಾಪು ಮಲಗಿಲ್ಲ.
ತೆರಿಗೆ ಲೆಕ್ಕ ಕಳಿಸಲು ಒಂದೂವರೆ ಗಂಟೆ ಉಳಿದಿದೆ,
ಅದು ಹೇಳುತ್ತಿದೆ: ಜಾಗವಿಲ್ಲ.

ಜಾಗವಿಲ್ಲ ಅಂದರೆ?
ಮಂದಿಯ ಪ್ಯಾಂಟು ಬಿಗಿ ಮಾಡಿ, ಸಡಿಲ ಮಾಡಿ
ಇಷ್ಟು ವರ್ಷ ಹೊಟ್ಟೆ ಹೊರೆದವನು ನಾನು.
ಕ್ರಿಸ್‌ಮಸ್ ಉಂಡು ಬಂದವರಿಗೆಲ್ಲ
ಒಳಮಡಿಕೆ ಬಿಚ್ಚಿ ಎರಡಿಂಚು ತೋರಿಸಿದ್ದೇನೆ.
ಎಲ್ಲೋ ಇರುತ್ತದೆ ಬಟ್ಟೆ.
ಇರಲೇಬೇಕು.

ಅಳೆದೆ. ಒಟ್ಟು ಇನ್ನೂರ ಐವತ್ತಾರು ಜಿಬಿ.
ಫೋಟೋ ಮೂವತ್ತೆಂಟು, ಮಗಳ ಕುಣಿತದ ವಿಡಿಯೋ ಇಪ್ಪತ್ತೆರಡು,
ಯಂತ್ರದ ಸ್ವಂತ ಸಂಸಾರ ಅರವತ್ತೊಂದು,
ಚಿಲ್ಲರೆ ಸಾಮಾನು ನಲವತ್ತು.
ಕೂಡಿದರೆ ನೂರ ಅರವತ್ತೊಂದು.
ತೊಂಬತ್ತೈದು ಎಲ್ಲಿ?

ಅಕ್ಕಸಾಲಿ ಅಕ್ಕನ ಚಿನ್ನ ಬಿಡ ಅಂತಾರೆ;
ದರ್ಜಿಗೆ ಗಾದೆಯೇ ಬೇಕಿರಲಿಲ್ಲ ಗದಗಿನಲ್ಲಿ.
ನಾಕು ವಾರ ಕೊಟ್ಟಿದ್ದೆ, ಮೂರೂಕಾಲಿನ ಅಂಗಿ ಆತು,
ಉಳಿದದ್ದೆಲ್ಲಿ ಮಾರಾಯಾ, ಎಂದು
ಅಪ್ಪನ ಮುಂದೆ ನಿಂತವರನ್ನು ನಾನು ನೋಡಿದ್ದೇನೆ.
ಅಪ್ಪ ತಲೆ ಎತ್ತುತ್ತಿರಲಿಲ್ಲ.
'ಕತ್ತರಿ ಬಾಯಿಗೆ ಹೋಗತೈತ್ರಿ ಒಂದು ಗೇಣು.'
ನಮ್ಮ ಮನೆಯ ಕೌದಿಯಲ್ಲಿ
ಊರಿನ ಅರ್ಧ ಜನರ ಅಂಗಿಯ ಬಣ್ಣವಿತ್ತು.

ಈಗ ನಾನು ಗಿರಾಕಿ.
ಕಸದ ಬುಟ್ಟಿ ಬರಿದು ಮಾಡಿದೆ.
ಹಳೆ ಬಿಲ್ಲು, ಮಸುಕಾದ ಫೋಟೋ, ಎರಡೆರಡು ಪ್ರತಿ,
ಒಂದೊಂದೇ ಅಳಿಸಿದೆ.
ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.
ಮೇಲಿನಿಂದ ತುಳಸಾ: 'ಏನ್ ಹುಡಕಾಕತ್ತೀರಿ ಇಷ್ಟೊತ್ತಿನ್ಯಾಗ?'
'ಜಾಗ.'
'ಹಾಸಿಗ್ಯಾಗ ಐತಿ, ಬರ್ರಿ.'

ಹನ್ನೊಂದೂ ಐದಕ್ಕೆ ಒಂದು ಗುಂಡಿ ಸಿಕ್ಕಿತು:
ಅಡಗಿದ್ದನ್ನೂ ತೋರಿಸು.
ಅಸ್ತರು ಬಿಚ್ಚಿದ ಕೋಟಿನಂತೆ
ತೆರೆದುಕೊಂಡಿತು ಒಳಗಿನದು,
ಯಾರೂ ನೋಡಬಾರದ ಕಚ್ಚಾ ಹೊಲಿಗೆಗಳು, ಗಂಟುಗಳು.
ಅವುಗಳ ನಡುವೆ ಒಂದೇ ಒಂದು ಕಡತ.
ತೊಂಬತ್ತನಾಲ್ಕು ಜಿಬಿ.

ಬಾಗಿಲ ಸಂದಿಯಿಂದ ನೋಡುವಂತೆ ಕೊನೆಯ ಸಾಲು ನೋಡಿದೆ.
ಗುಬ್ಬಿ ಸಿಗಲಿಲ್ಲ. ಹತ್ತು ಸೆಕೆಂಡಿಗೆ ಮತ್ತೆ ಹುಡುಕುತ್ತೇನೆ.
ಅದರ ಮೇಲಿನದು,
ಗುಬ್ಬಿ ಸಿಗಲಿಲ್ಲ.

ಗುಬ್ಬಿ ನಮ್ಮ ಪ್ರಿಂಟರು.
ಕಾಗದ ನುಂಗುವ ಮೊದಲು ಚಿಂವ್ ಅನ್ನುತ್ತಿತ್ತು,
ಮಗಳು ಇಟ್ಟ ಹೆಸರು.
ದರಪಟ್ಟಿ, ಅವಳ ಶಾಲೆಯ ಜ್ವಾಲಾಮುಖಿ,
ಮೀನುಹಡಗಿನ ಬ್ಲ್ಯಾಂಚರ್ಡ್ ತೀರಿಕೊಂಡಾಗ
ಅವನ ಹೆಂಡತಿ ಕೇಳಿದ ನಲವತ್ತು ಪ್ರತಿ ಪ್ರಾರ್ಥನೆ
(ಮೂವತ್ತೊಂದರ ನಂತರ ಶಾಯಿ ನೀಲಿಯಾಯಿತು,
ಅವನಿಗೆ ನೀಲಿ ಸೇರುತ್ತಿತ್ತು ಬಿಡಿ, ಅಂದಳು).
ಮೂರು ವರ್ಷವಾಯಿತು ಚಾರಿಟಿ ಅಂಗಡಿಗೆ ಕೊಟ್ಟು.
ನಾವು ಮರೆತೆವು.
ಇದಕ್ಕೆ ಯಾರೂ ಹೇಳಲೇ ಇಲ್ಲ.

ಹಗಲೂ ರಾತ್ರಿ ಕಣ್ಣು ಮುಚ್ಚದ ಈ ಯಂತ್ರ
ಹತ್ತು ಸೆಕೆಂಡಿಗೊಮ್ಮೆ ಕೂಗಿದೆ,
ಓಗೊಡದ್ದನ್ನು ಒಂದು ಪುಟ ತುಂಬ ಬರೆದಿಟ್ಟಿದೆ,
ಮತ್ತೆ ಕೂಗಿದೆ.
ನಾನು ಇದರ ಮುಂದೆಯೇ ಕೂತು ಚಹಾ ಕುಡಿದಿದ್ದೇನೆ.

ಹೊತ್ತಿರಲಿಲ್ಲ. ಅಳಿಸಿದೆ.
ಪಟ್ಟಿಯಿಂದ ಗುಬ್ಬಿಯನ್ನು ತೆಗೆಯಲೇ ಎಂದು ಕೇಳಿತು,
ಖಂಡಿತವೇ ಎಂದು ಇನ್ನೊಮ್ಮೆ ಕೇಳಿತು.
ಹೂಂ ಎಂದು ಒತ್ತಿದೆ, ಗಂಟಲಲ್ಲಿ ಗುಂಡುಸೂಜಿ ಇದ್ದವನಂತೆ.
ಹನ್ನೊಂದೂ ನಲವತ್ತಾರಕ್ಕೆ ತೆರಿಗೆ ಹೋಯಿತು.

ಎದ್ದು ದೀಪ ಆರಿಸುವ ಮುನ್ನ ಚಾಳಿಯಿಂದ ಮತ್ತೆ ಅಳೆದೆ.
ತೊಂಬತ್ತೈದು ಕಳೆದಿತ್ತು, ಬಂದದ್ದು ತೊಂಬತ್ತನಾಲ್ಕು.
ಒಂದು ಎಲ್ಲಿ ಎಂದು ಕೇಳಲು ಬಾಯಿ ತೆರೆದೆ.
ಯಂತ್ರ ತಲೆ ಎತ್ತಲಿಲ್ಲ.
ಇರಲಿ ಬಿಡು ಅಂದೆ.