ಮೂರ್ನಾಡಿಗೆ ಎಷ್ಟು ತಿರುವು

ಗದಗಿನ ಎರೆಹೊಲದಲ್ಲಿ ಹನ್ನೊಂದು ವರ್ಷ
ಸರಪಳಿ ಎಳೆದವಳು ನಾನು.
ಅಲ್ಲಿ ಎರಡು ಕಲ್ಲಿನ ನಡುವೆ ಗೆರೆ ಅಂದರೆ ಗೆರೆ,
ಕಣ್ಣು ಹಾಯಿಸಿದರೆ ಮುಗಿಯಿತು.
ಮಡಿಕೇರಿಗೆ ವರ್ಗವಾದ ಮೇಲೆ ಗೊತ್ತಾಯಿತು,
ಇಲ್ಲಿ ದೂರಕ್ಕೂ ಸೊಂಟವಿದೆ, ಮೊಣಕಾಲಿದೆ,
ಬೇಕೆಂದಲ್ಲಿ ಬಾಗಿ ಕೂತುಕೊಳ್ಳುತ್ತದೆ.

ಗಂಡನಿಗೆ ವಿರಾಜಪೇಟೆಯ ಪಶು ಆಸ್ಪತ್ರೆ.
ಪತಿ-ಪತ್ನಿ ಪ್ರಕರಣ, ಒಂದೇ ಜಿಲ್ಲೆ ಕೊಟ್ಟಿದ್ದೇವಲ್ಲ,
ಅಂದರು ಕಚೇರಿಯಲ್ಲಿ, ನಕಾಶೆಯ ಮೇಲೆ ಬೆರಳಿಟ್ಟು.
ಆ ಬೆರಳು ದಪ್ಪಗಿತ್ತು.
ಎರಡೂ ಊರು ಅದರಡಿ ಒಟ್ಟಿಗೇ ಸಿಕ್ಕಿದ್ದವು.

ದಾನೇಶ್ವರಿಗೆ ಐದನೇ ತರಗತಿ.
ಮೊದಲ ದಿನವೇ ಬಸ್ಸಿನ ಕಿಟಕಿಯಾಚೆ
ಬೆಳಗಿನ ಅವಲಕ್ಕಿಯನ್ನೆಲ್ಲ ದಾನ ಮಾಡಿದಳು.
ಕಂಡಕ್ಟರು ಏನೂ ಅನ್ನದೆ ಒಂದು ನಿಂಬೆಹಣ್ಣು ಕೊಟ್ಟ.
ಜೇಬಿನಲ್ಲೇ ಇತ್ತು. ಇಂಥವರು ದಿನಾ ಬರುತ್ತಾರೆಂದು ಕಾಣುತ್ತದೆ.

ಹಂಸಾಕನ ಆಟೋದಲ್ಲಿ ಮೂರು ಭಾನುವಾರ ಮನೆ ನೋಡಿದೆವು,
ಹಿಂದಿನ ಸೀಟಿನಲ್ಲಿ ನಾವು ಮೂವರು, ಅವನ ನೇಂದ್ರ ಬಾಳೆಗೊನೆ.
ಮಡಿಕೇರಿಯ ಮನೆ ರಸ್ತೆಯಿಂದ ಅರವತ್ತಮೂರು ಮೆಟ್ಟಿಲು ಕೆಳಗೆ.
ನಾಲ್ಕು ಹೆಜ್ಜೆ ಮೇಡಂ, ಅಂದ.
ಶಾಲೆ ತಲೆಯ ಮೇಲೇ, ಗಂಟೆ ಅಡುಗೆಮನೆಗೆ ಕೇಳುತ್ತದೆ,
ಲ್ಯಾಬು, ಈಜುಕೊಳ, ಹಾಕಿಗೆ ಬೇರೆ ಮೇಷ್ಟ್ರು.
ಹಿತ್ತಲಲ್ಲಿ ಹೊಸ ತಡೆಗೋಡೆ. ಅದರ ತೂತುಗಳಿಗೆ ಬೆರಳು ಹಾಕಿ ನೋಡಿದೆ.
ಹಿಂದಿನ ರಾತ್ರಿಯೆಲ್ಲ ಮಳೆ. ತೂತು ಒಣಗಿತ್ತು.
ನೀರು ಹಾಗಾದರೆ ಎಲ್ಲಿ ಕೂತಿದೆ?
ಹಂಸಾಕ ಬಾಳೆಹಣ್ಣು ಸುಲಿದು ಮಗಳ ಕೈಗಿಟ್ಟ.

ಕುಶಾಲನಗರ ಚಪ್ಪಟೆ. ನಮ್ಮವರ ಮುಖ ಅರಳಿತು.
ಇಲ್ಲಿ ನೆಲ ನೆಲದಂಗ ಐತಿ ನೋಡು, ಅಂದರು.
ಪ್ರತಿ ತಿರುವಿಗೆ ಒಂದು ಶಾಲೆ, ಪ್ರತಿ ಮಹಡಿಗೆ ಟ್ಯೂಷನ್,
ಬಾಡಿಗೆ ಕೂಡ ನಮ್ಮ ಕೈಗೆ ಎಟುಕುವಷ್ಟು.
ನಡುಮನೆಗೆ ಹೊಸ ಬಣ್ಣ. ಬಣ್ಣದ ಕೆಳಗೆ,
ನನ್ನ ಎದೆಯ ಎತ್ತರಕ್ಕೆ, ನಾಲ್ಕೂ ಗೋಡೆಗೆ ಒಂದು ಗೆರೆ.
ಮಟ್ಟದ ಗೆರೆ ಗುರುತಿಸುವುದು ನನ್ನ ಕಸುಬು,
ಅದನ್ನು ಎಳೆದದ್ದು ಕಾವೇರಿ ಎಂದು ಮಾಲೀಕರು ಹೇಳಬೇಕಾಗಲಿಲ್ಲ.

ರಾತ್ರಿ ಲಾಡ್ಜಿನಲ್ಲಿ ಲೆಕ್ಕಕ್ಕೆ ಕೂತೆವು:
ಬಸ್ ಪಾಸು, ಫೀಸು, ವ್ಯಾನು, ಪೆಟ್ರೋಲು.
ಅವರು ಕಿಲೋಮೀಟರು ಬರೆದರು. ಹೊಡೆದುಹಾಕಿ
ತಿರುವು ಬರೆಯಿರಿ, ಅಂದೆ.
ಮೂರ್ನಾಡಿನ ದಾರಿಯಲ್ಲಿ ಎಪ್ಪತ್ತರವರೆಗೆ ಎಣಿಸಿದ್ದೆ,
ಆಮೇಲೆ ಮಗಳ ಹಣೆ ಹಿಡಿಯಬೇಕಾಯಿತು.

ಮೂರ್ನಾಡಿನಲ್ಲಿ ದೇಚಕ್ಕನ ಮನೆಯ ಹಿಂದೆ ಎರಡು ಕೋಣೆ.
ಹೆಸರಿನಲ್ಲೇ ಮೂರಿದೆ, ನಾವೂ ಮೂವರು,
ಎಂದೇನೋ ಹೇಳಿ ನಮ್ಮವರು ತಾವೇ ನಕ್ಕರು.
ದೇಚಕ್ಕ ಕೇಳಿದ್ದು ಜಾತಿಯಲ್ಲ, ಸಂಬಳವಲ್ಲ:
ಮಗು ನಡೆದು ಹೋಗ್ತದಾ? ದಾರಿಯಲ್ಲಿ ನಾಯಿ ಉಂಟು,
ಹೆಸರು ಹಿಡಿದು ಕರೆದರೆ ಸುಮ್ಮನಿರ್ತದೆ.
ಶಾಲೆಯಲ್ಲಿ ಐದನೆಗೆ ಹನ್ನೊಂದು ಮಕ್ಕಳು. ಲೈಬ್ರರಿ ಅಂದರೆ
ಒಂದು ಬೀರು, ಅದರ ಬೀಗದ ಕೈ ಲಿಸ್ಸಿ ಟೀಚರ ಕೊರಳಲ್ಲಿ.
ಕಂಪ್ಯೂಟರು ಮಂಗಳವಾರ, ಕರೆಂಟಿದ್ದರೆ.
ಈಜುಕೊಳ ಬಿಟ್ಟೆವಲ್ಲ ಎಂದು ನಮ್ಮವರಿಗೆ ಇವತ್ತಿಗೂ ಇದೆ.
ನನಗೂ ಇದೆ, ಹೇಳುವುದಿಲ್ಲ.

ಈಗ ಏಳೂವರೆಗೆ ನಾನು ಮಡಿಕೇರಿಯ ಕಡೆ,
ಅವರು ವಿರಾಜಪೇಟೆಯ ಕಡೆ.
ಬೇತ್ರಿಯಲ್ಲಿ ಹೊಳೆ ರಸ್ತೆಗೆ ಬಂದ ಎರಡು ರಾತ್ರಿ
ಅವರು ಆಚೆ ದಡದಲ್ಲಿ, ಯಾರದೋ ಗಬ್ಬದ ಹಸುವಿನ ಪಕ್ಕ.
ನಮ್ಮ ತಾಲ್ಲೂಕಿಗೆ ರಜೆ, ಅವರದಕ್ಕೂ ರಜೆ, ಹಸುವಿಗೆ ಇಲ್ಲ.

ದಾನಿ ನಡೆದು ಹೋಗುತ್ತಾಳೆ. ನಾಯಿಯ ಹೆಸರು ರಾಕೆಟ್ಟು.

ಮೊನ್ನೆ ನನ್ನ ಚೀಲದಲ್ಲಿ ಅಳತೆಪುಸ್ತಕದ ಮೇಲೆ
ಒಂದು ನಿಂಬೆಹಣ್ಣು ಇಟ್ಟಳು.
ಬೇಡವೇ, ನನಗೇನಾಗಿದೆ, ಅಂದೆ.
ದಿನಾ ಸಂಜೆ ಹಸಿರು ಮುಖ ಮಾಡಿಕೊಂಡು ಬರ್ತಿ, ಅಂದಳು.
ಹಾಕತ್ತೂರು ದಾಟೂತನಕ ಮೂಸು,
ಹತ್ರ ನೋಡಬ್ಯಾಡ, ದೂರ ನೋಡು.

ನೋಡುತ್ತೇನೆ.
ದೂರ ಅನ್ನುವುದು ಮುಂದಿನ ತಿರುವಿನವರೆಗೆ.