ನಾಲ್ಕನೆಯ ಬಿಂದು

ಕಪಾಟಿನ ತಳದಲ್ಲಿ ಸಿಕ್ಕ ಹಾಳೆ.
ಹರಿಯಬಾರದೆಂದು ಯಾರೋ, ಯಾವ ಕಾಲದಲ್ಲೋ,
ಬೆನ್ನಿಗೆ ಹಳೆಯ ಸೀರೆಯ ತುಂಡು ಹಚ್ಚಿದ್ದರು, ಮೈದಾ ಅಂಟಿನಲ್ಲಿ.
ಮೈದಾ ಅಂದರೆ ಹುಳಕ್ಕೆ ಊಟ.
ಕಾಳಿ ನದಿ ಕಡಲಿಗೆ ಬಾಯಿ ತೆರೆಯುವಲ್ಲಿ
ಹಾಳೆಯನ್ನೂ ಸೀರೆಯನ್ನೂ ಕೂಡಿಯೇ ತಿಂದು
ಕಡಲೆಕಾಳಿನಷ್ಟು ತೂತು.

ಸ್ಕ್ಯಾನರಿಗೆ ತೂತು ಗೊತ್ತಿಲ್ಲ, ಕಪ್ಪು ಗೊತ್ತು.
ತರಬೇತಿಗೆ ಬಂದ ರೋಶ್ನಿ ಕೊಠಾರಕರ
ನೋಡಿ ಬರೆದಳು: ದ್ವೀಪ, ಹೆಸರಿಲ್ಲ.
ಕೂರ್ಮಗಡ, ದೇವಗಡ ನೋಡುತ್ತ ಬೆಳೆದವಳು!
ನಕ್ಕೆವು. ಅಳಿಸಿದೆ.
ಕಂಡದ್ದನ್ನೇ ಬರೆದಳಲ್ಲ, ಪಾಪ.

ಈಗ ಕಂಪ್ಯೂಟರು ಕೇಳುತ್ತದೆ:
ಅಂದೂ ಇಂದೂ ಇದ್ದಲ್ಲೇ ಇರುವ ನಾಲ್ಕು ಬಿಂದು ಕೊಡು,
ಹಳೆಯ ಹಾಳೆಯನ್ನು ಇಂದಿನ ನೆಲದ ಮೇಲೆ ಕೂರಿಸುತ್ತೇನೆ.

ಸದಾಶಿವಗಡದ ನೆತ್ತಿ. ಒಂದು.
ದೀಪಸ್ತಂಭ. ಎರಡು.
ಬೈತಖೋಲ ಗುಡ್ಡದ ಮೂಗು, ಮೂರು.
ನಾಲ್ಕನೆಯದಕ್ಕೆ ಮೂರು ದಿನ ಹೋಯಿತು.

ಕೋಡಿಬಾಗದ ಉಸುಕು ಮಳೆಗಾಲಕ್ಕೊಮ್ಮೆ ಮಗ್ಗಲು ಬದಲಿಸುತ್ತದೆ.
ತೆಂಕಣ ಊರುಗಳ ಬಾವಿ, ಕಟ್ಟೆ, ಶಾಲೆ
ಬೇಲಿಯ ಒಳಗೆ ಹೋದವು; ಉಪಗ್ರಹದ ಚಿತ್ರದಲ್ಲಿ
ನನಗಲ್ಲಿ ಮಸುಕಷ್ಟೇ ಕಾಣುತ್ತದೆ.
ಹಳೇ ಸೇತುವೆ?
ಆ ಹಾಳೆಯಲ್ಲಿ ಇನ್ನೂ ಇಲ್ಲ,
ಈ ಚಿತ್ರದಲ್ಲಿ ಇನ್ನಿಲ್ಲ.

ದಿನಾ ಪೇಪರು ಓದಲು ಬರುವ ಬಾಬಣಿ ತಾಂಡೇಲರು
ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗಿಸಿ,
"ಮ್ಹಾತಾರಿ ಎಲ್ಲಿ?" ಅಂದರು.
ಯಾವ ಮುದುಕಿ?
ಇಳಿತಕ್ಕೆ ತಲೆ ಎತ್ತುವ ಬಂಡೆಯಂತೆ.
ಅಪ್ಪನ ಬಲೆ ಹರಿದದ್ದು, ತನ್ನ ಬಲೆ ಹರಿದದ್ದು,
ಹೋದ ವಾರ ಅಳಿಯನ ಬಲೆ.
"ಊರು ಹೋಯ್ತು, ಬ್ರಿಜ್ಜು ಹೋಯ್ತು.
ಅವಳೊಬ್ಬಳು ಎಲ್ಲೂ ಹೋಗುದಿಲ್ಲ."

ಹಾಳೆಯಲ್ಲಿ ಇದ್ದಳು:
ಒಂದು ಕೂಡು ಚಿಹ್ನೆ, ಸುತ್ತ ಆಳದ ಅಂಕಿಗಳು, ಮಾರುಗಳಲ್ಲಿ.
ಇಳಿತದ ಹೊತ್ತಿನ ಚಿತ್ರ ಹುಡುಕಿ ಹುಡುಕಿ
ರೋಶ್ನಿ ತೋರಿಸಿದಳು: ನೀಲಿಯಲ್ಲಿ ನೊರೆ,
ಅಕ್ಕಿಕಾಳಿಗಿಂತ ಸಣ್ಣದು.
ಈ ಸಲ ನಗಲಿಲ್ಲ ನಾನು. ಒತ್ತಿದೆ.

ಹಾಳೆ ಒಮ್ಮೆ ಸೆಟೆದು, ಒಂದು ಬದಿಗೆ ಜಗ್ಗಿ,
ಮಲಗಿತು.
ದೋಷ: ಹನ್ನೊಂದು ಮೀಟರ್.
ನನಗೆ ಹಿಗ್ಗು. ತಾಂಡೇಲರು ಮುಖ ಕಿವುಚಿದರು:
"ದೋಣಿ ಒಡೆಯೂಕೆ ಅಷ್ಟು ಸಾಕು."

ಶೀರ್ಷಿಕೆ, ಅಳತೆ, ಭಾಷೆ, ವರ್ಷ (ಗೊತ್ತಿಲ್ಲ):
ಕಾಲಮ್ಮುಗಳು ಸುಮ್ಮನೆ ತುಂಬಿಸಿಕೊಂಡವು.
ಸ್ಥಳನಾಮದ ಕಾಲಮ್ಮಿಗೆ ಮಾತ್ರ ಸರಕಾರಿ ಹೆಸರೇ ಬೇಕು;
ಮ್ಹಾತಾರಿಯನ್ನು ಮೂರು ಸಲ ಹೊರಗೆ ಹಾಕಿತು.
ಷರಾದಲ್ಲಿ ಕೂರಿಸಿದೆ:
ಹೇಳಿದವರು ಬಾಬಣಿ ತಾಂಡೇಲ, ಮಾಜಾಳಿ. ಬಾಯಿಮಾತು.

ಬಾಗಿಲು ಹಾಕುವ ಮೊದಲು ಇನ್ನೊಂದು ಸಾಲು:
ಬೆನ್ನಿಗೆ ಸೀರೆ ಇದೆ. ಹಸಿರು, ಸಣ್ಣ ಕೆಂಪು ಅಂಚು.
ಚಿತ್ರದಲ್ಲಿ ಬಂದಿಲ್ಲ.