ಆಡು ತಿಂದ ಅಕ್ಷರ

ಬೆಟಗೇರಿಯ ಮಗ್ಗದ ಸಪ್ಪಳದಾಗ
ತನ್ನದೂ ಒಂದಿಷ್ಟು ಕೂಡಿಸಿ
ಟ್ರೆಡಲ್ ಮಶೀನು ಓಡತಿತ್ತು.
ನಾನು ಮೊಳೆ ಜೋಡಿಸೋ ಹುಡುಗ,
ಬೆರಳಿಗೆ ಸೀಸ, ಮೂಗಿಗೆ ಸೀಮೆಎಣ್ಣಿ.

ಗುರುವಾರಕ್ಕೊಮ್ಮೆ ಬರತಿದ್ದ ಮಾನಪ್ಪ ಪತ್ತಾರ
ಧೋತರದ ಚುಂಗಿನಾಗ ಮೂರು ಚೌಕ ಕಟ್ಟಿಕೊಂಡು.
ಬೋರಮಾಳದ ಗುಂಡು ಮಾಡಿದ ಕೈ ಅದು;
ಬಂಗಾರದ ಕಾಯ್ದೆ ಬಂದು ಕುಲುಮಿ ಆರಿದ ಮ್ಯಾಲೆ
ಕಟಗಿ ಕೆತ್ತಾಕ ಕುಂತಿತ್ತು.

ಆ ಕಟಗಿಯೊಳಗ ಒಂದು ಆಡು.
ಹೆಸರಿಲ್ಲ, ಮಾತಿಲ್ಲ.
ಗ್ವಾಡಿಗೆ ಹಚ್ಚಿದ್ದೆಲ್ಲಾ ತಿಂತಿತ್ತು.
ಎರಡೂ ಪಕ್ಷದ ಹಾಳಿ ತಿಂದು
ಅಂಟು ಒಂದ ಅಂಗಡೀದು ಅನ್ನೋಹಂಗ
ಮಾರಿ ಮಾಡತಿತ್ತು.

ಇದೊಂದು ಮಾತ್ರ ಮರತಿಲ್ಲ:
ಮೊದಲನೇ ಚೌಕ, ಪುರಸಭೆಯ ನೋಟೀಸು,
ನಾಳೆ ನಳ ಬರುತ್ತದೆ.
ಎರಡನೇದು, ಆಡಿನ ಬಾಯಾಗ 'ನಾಳೆ'.
ಮೂರನೇದರಾಗ ಗ್ವಾಡಿ ಹೇಳತದ,
ನಳ ಬರುತ್ತದೆ.
ಕೊಡಗಳ ಪಾಳಿಯ ಕಡೀಕ
ತೂತು ತಂಬಿಗಿ ಹಿಡಕೊಂಡು ಆಡೂ ನಿಂತದ.

ಓದು ಬಾರದ ಶಂಕ್ರವ್ವ
ಚೌಕ ಮುಟ್ಟಿ ಮುಟ್ಟಿ ನೋಡಿ
ಇದು ನಮ್ಮ ಓಣಿದ ಆಡು ಅಂದಳು.
ಮುಂದಿನ ಓಣಿಯವರೂ ಹಂಗ ಅಂದರು.

ಅಚ್ಚಿನಾಗ ಎಲ್ಲಾ ಉಲ್ಟಾ.
ನಳ ಉಲ್ಟಾ, ಪಾಳಿ ಉಲ್ಟಾ, ಊರ ಉಲ್ಟಾ.
ಹಿಂಗ ಕೆತ್ತಿ ಕೆತ್ತಿ ತಲಿ ತಿರುಗುದಿಲ್ಲೇನು, ಕೇಳಿದ್ದೆ.
"ಸೀದಾ ನೋಡಿದಾಗ ತಿರುಗತೈತಿ,"
ಅಂದು ಉಳಿ ಮಸದ.

ಮೆಂಬರ್ ಮುದಿಬಸಪ್ಪ ಒಂದಿನ ಮೆಟ್ಟಲ ಹತ್ತಿ ಬಂದರು.
"ನಿನ್ನ ಆಡಿಗೆ ನನ್ನ ಗಡ್ಡ ಯಾಕ?"
ಮಾನಪ್ಪ ಅರ್ಧ ಕಪ್ ಚಾ ಮುಂದ ಸರಿಸಿ,
"ಅದರದು ಹುಟ್ಟಾ ಐತ್ರಿ ಸಾಹೇಬ್ರ.
ನೀವ ಈಗೀಗ ಬಿಟ್ಟೀರಿ."
ಅವರು ನಕ್ಕರೋ ಇಲ್ಲೋ, ನೆನಪಿಲ್ಲ.
ಮರುವಾರ ಗಡ್ಡ ಬೋಳಿಸಿದ್ದರು.
ಅದರ ಮರುವಾರ
ಆಡೂ ಬೋಳಿಸಿಕೊಂಡಿತ್ತು.

ಪ್ರೆಸ್ಸು ಹೋತು. ಮಾನಪ್ಪನೂ.
ಆ ಕಟಗಿ ಯಾರ ಒಲಿ ಸೇರಿತೋ,
ನಾ ಕೇಳಲಿಲ್ಲ, ಕೇಳಬೇಕಿತ್ತು.

ಈಗ ಹತ್ತು ದಿನಕ್ಕೊಮ್ಮೆ ನನ್ನ ಮೊಬೈಲಿಗೆ ಬರತದ:
ನಾಳೆ ನೀರು ಬಿಡಲಾಗುವುದು.
ಇವತ್ತು ಸುಮ್ಮನ, ಯಾರೂ ನೋಡದಂಗ,
ಬಾಜೂ ಮನಿ ಆಡಿನ ಮುಂದ ಅದನ್ನ ಹಿಡದೆ.
ಮೂಸಿತು.
ನನ್ನ ಹೆಬ್ಬಟ್ಟಿನ ಉಪ್ಪು ನೆಕ್ಕಿತು.